ಕಿರ್ದಿ ಬರೆದ ಮೇಲೆಯೇ ಕ್ರಿಪ್ಟೊ ಲೆಕ್ಕ ಸಿಕ್ಕಿದ್ದು

ಕೋಲಾರದ ಎಪಿಎಂಸಿಯ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. 15 ಕೆ.ಜಿ. ಬಾಕ್ಸು ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು ಅನ್ನುವುದು ಒಂದು ಲೆಕ್ಕ. ಲಾರಿ ಬಾಡಿಗೆ, ಹಮಾಲಿ ಕಳೆದು ರೈತನ ಕೈಗೆ ಎಷ್ಟು ಬಂತು ಅನ್ನುವುದು ಬೇರೆಯೇ ಲೆಕ್ಕ. 2023ರ ಜುಲೈನಲ್ಲಿ ಬಾಕ್ಸು 2,000 ರೂಪಾಯಿ ದಾಟಿದಾಗಲೂ ಚೀಟಿ ಬರೆದದ್ದು ಹೀಗೆಯೇ. ನನ್ನ ಸ್ವಂತ ದುಡ್ಡಿಗೆ ಮಾತ್ರ ಈ ಕ್ರಮ ಇರಲಿಲ್ಲ.

2021ರ ನವೆಂಬರಿನಲ್ಲಿ ಬಿಟ್‌ಕಾಯಿನ್ ಎಂಬ ಕ್ರಿಪ್ಟೊ ಕಾಯಿನ್ 50 ಲಕ್ಷ ರೂಪಾಯಿ ಆಸುಪಾಸಿನಲ್ಲಿದ್ದಾಗ 10,000 ರೂಪಾಯಿ ಹಾಕಿದೆ. ಬಂದದ್ದು 0.002 ಬಿಟ್‌ಕಾಯಿನ್. ಮುಂದಿನ ನವೆಂಬರಿಗೆ ಅದರ ಬೆಲೆ 3,000ಕ್ಕೂ ಕೆಳಗಿಳಿದಿತ್ತು. ಆದರೂ ಬಿಡದೆ ತಿಂಗಳಿಗೆ 2,000ದಂತೆ ಹಾಕುತ್ತಾ ಹೋದೆ. ಜೊತೆಗೆ ಈಥರ್ ಎಂಬ ಇನ್ನೊಂದು ಕಾಯಿನ್, ಮತ್ತೆರಡು ಸಣ್ಣ ಕಾಯಿನ್. ಕಾಯಿನ್ ಕೊಂಡು ಮಾರುವ ಎಕ್ಸ್‌ಚೇಂಜು ಎರಡು, ಕಾಯಿನ್‌ಗಳನ್ನು ನಾವೇ ಇಟ್ಟುಕೊಳ್ಳುವ ವಾಲೆಟ್ ಒಂದು ಅಂತ ಎಲ್ಲ ಚದುರಿಹೋಯಿತು.

ಎಲ್ಲವನ್ನೂ ಒಂದೇ ಕಡೆ ತೋರಿಸುವ ಆ್ಯಪೊಂದನ್ನು ಹಾಕಿಕೊಂಡೆ. ಒಂದು ದಿನ ಎಕ್ಸ್‌ಚೇಂಜಿನಿಂದ ವಾಲೆಟ್‌ಗೆ ಕಾಯಿನ್ ಕಳಿಸಿದೆ. ಆ್ಯಪು ಹೋದದ್ದನ್ನು ಮಾರಾಟ ಅಂದುಕೊಂಡಿತು, ಬಂದದ್ದನ್ನು ಸೊನ್ನೆ ರೂಪಾಯಿಗೆ ಕೊಂಡದ್ದು ಅಂದುಕೊಂಡಿತು. ಲಾಭ ಹಸಿರು ಬಣ್ಣದಲ್ಲಿ ದಿಢೀರನೆ ಏರಿತು. ಖುಷಿಯಿಂದ ಮನೆಯಲ್ಲಿ ತೋರಿಸಿದರೆ ಅಪ್ಪ ಕೇಳಿದ್ದು ಒಂದೇ ಮಾತು: "ಹಾಕಿದ್ದೆಷ್ಟು ಅಂತ ಬರ್ದಿಟ್ಟಿದೀಯೇನೋ?"

ಬರೆದಿಟ್ಟಿರಲಿಲ್ಲ.

ಆ ವಾರ ಎರಡೂ ಎಕ್ಸ್‌ಚೇಂಜುಗಳ ವಹಿವಾಟಿನ ಪಟ್ಟಿ ಇಳಿಸಿಕೊಂಡು, ಬ್ಯಾಂಕ್ ಪಾಸ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಗೂಗಲ್ ಶೀಟ್‌ನಲ್ಲಿ ಕಿರ್ದಿ, ಅಂದರೆ ದಿನದಿನದ ಲೆಕ್ಕದ ಪುಸ್ತಕ, ಶುರುಮಾಡಿದೆ. ತಾರೀಖು, ಕಾಯಿನ್, ಎಷ್ಟು, ಕೊಟ್ಟ ರೂಪಾಯಿ, ಫೀ, ಟಿಡಿಎಸ್ (ಮಾರುವಾಗಲೇ ಹಿಡಿದುಕೊಳ್ಳುವ ತೆರಿಗೆ), ಎಲ್ಲಿದೆ. ಪ್ರತಿ ಸಾಲೂ ಕೊಂಡದ್ದು, ಮಾರಿದ್ದು, ವರ್ಗ ಈ ಮೂರರಲ್ಲಿ ಒಂದು. ವರ್ಗ ಅಂದರೆ ನನ್ನದೇ ವಾಲೆಟ್‌ಗೆ ಕಳಿಸಿದ್ದು. ಅದರಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕಳಿಸುವುದಕ್ಕೆ ಹಿಡಿಯುವ ನೆಟ್‌ವರ್ಕ್ ಫೀ ಹೋದಷ್ಟು ಕಾಯಿನ್ ಕಮ್ಮಿಯಾಗುತ್ತದೆ, ಅಷ್ಟೇ. ಒಂದು ಕಾಯಿನ್ ಕೊಟ್ಟು ಇನ್ನೊಂದು ತೆಗೆದುಕೊಂಡರೆ ಮಾತ್ರ ಎರಡು ಸಾಲು ಬರೆಯಲೇಬೇಕು, ಕಾನೂನಿನ ಪ್ರಕಾರ ಅದೂ ಮಾರಾಟವೇ.

ಬಿಟ್‌ಕಾಯಿನ್, ಈಥರ್ ದರವನ್ನು ಶೀಟಿನ ಗೂಗಲ್‌ಫೈನಾನ್ಸ್ ಫಾರ್ಮುಲಾ ತರುತ್ತದೆ. ಸಣ್ಣ ಕಾಯಿನ್‌ಗಳು ಇದ್ದಷ್ಟು ದಿನ ಅವುಗಳದ್ದನ್ನು ಭಾನುವಾರ ಸಂಜೆ ಕೈಯಾರೆ ತುಂಬುತ್ತಿದ್ದೆ. ಡಾಲರ್ ದರವನ್ನು ರೂಪಾಯಿಗೆ ತಿರುಗಿಸಿದರೆ ಬರುವುದು ಒಂದು, ಇಲ್ಲಿನ ಎಕ್ಸ್‌ಚೇಂಜಿನಲ್ಲಿ ಸಿಗುವುದು ಇನ್ನೊಂದು. ಮಾರಲು ಹೋದರೆ ಸಿಗುವ ದರವನ್ನೇ ನಾನು ನಂಬುವುದು. ಲಾಭದ ಪ್ರಮಾಣಕ್ಕೆ, ದುಡ್ಡು ಹಾಕಿದ ತಾರೀಖುಗಳನ್ನೂ ಹಿಡಿದು ವರ್ಷಕ್ಕೆ ಶೇಕಡಾ ಎಷ್ಟು ಅಂತ ಹೇಳುವ ಎಕ್ಸ್‌ಐಆರ್‌ಆರ್ ಫಾರ್ಮುಲಾ ಬಳಸುತ್ತೇನೆ. ಮೂರು ವರ್ಷ ಕೂತ 10,000ವನ್ನೂ ಹೋದ ತಿಂಗಳ 2,000ವನ್ನೂ ಒಂದೇ ತಕ್ಕಡಿಗೆ ಹಾಕಿ ಶೇಕಡಾ ಲೆಕ್ಕ ಹಾಕಿದರೆ ಎಫ್‌ಡಿ ಜೊತೆ ಹೋಲಿಸಲು ಆಗುವುದೇ ಇಲ್ಲ.

ನನ್ನ ಕಣ್ಣು ತೆರೆಸಿದ್ದು ತೆರಿಗೆ. 2024ರ ಮಾರ್ಚಿನಲ್ಲಿ ಆ ಎರಡು ಸಣ್ಣ ಕಾಯಿನ್‌ಗಳನ್ನು ಮಾರಿದೆ. ತಲಾ 12,000ಕ್ಕೆ ಕೊಂಡವು. ಒಂದು 17,000ಕ್ಕೆ ಹೋಯಿತು, ಇನ್ನೊಂದು 7,000ಕ್ಕೆ. ಹಾಕಿದ್ದು 24,000, ಬಂದದ್ದು 24,000. ಆ್ಯಪಿನಲ್ಲಿ ಲಾಭ ಸೊನ್ನೆ. ಆದರೆ 2022ರ ಏಪ್ರಿಲ್‌ನಿಂದ ಇರುವ ನಿಯಮದಂತೆ ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. 5,000ಕ್ಕೆ ಶೇ 30ರಂತೆ 1,500, ಅದರ ಮೇಲೆ ಶೇ 4 ಸೆಸ್ 60. ಕೈಯಿಂದ ಹೋದದ್ದು 1,560 ರೂಪಾಯಿ. ಆದಾಯಕ್ಕಿರುವ ಮೂಲ ವಿನಾಯಿತಿ ಇದಕ್ಕೆ ಅನ್ವಯಿಸದು. ಅಂದಿನಿಂದ ಶೀಟಿನಲ್ಲಿ 'ಇವತ್ತೇ ಮಾರಿದರೆ ತೆರಿಗೆ ಕಳೆದು ಕೈಗೆ' ಅನ್ನುವ ಕಾಲಂ ಸೇರಿಸಿದೆ. ನಷ್ಟದ ಕಾಯಿನ್‌ಗೆ ಅಲ್ಲಿ ತೆರಿಗೆ ಸೊನ್ನೆ, ಲಾಭದ ಪ್ರತಿ ಕಾಯಿನ್‌ಗೂ ಅದರದರದೇ ಲೆಕ್ಕ. ನಾನು ಮೊದಲು ನೋಡುವುದು ಈಗ ಅದನ್ನೇ.

ಮಾರುವಾಗ ಹಿಡಿಯುವ ಶೇ 1 ಟಿಡಿಎಸ್ ಖರ್ಚಲ್ಲ, ಕಟ್ಟಬೇಕಾದ ತೆರಿಗೆಯಲ್ಲಿ ಜಮಾ ಆಗುತ್ತದೆ. ಆ 24,000ಕ್ಕೆ ನನ್ನ ಕಾಲಂನಲ್ಲಿ 240 ಇತ್ತು. ಜುಲೈನಲ್ಲಿ ರಿಟರ್ನ್ ತುಂಬುವಾಗ ನಮ್ಮ ಹೆಸರಲ್ಲಿ ಜಮಾ ಆದ ತೆರಿಗೆ ತೋರಿಸುವ ಫಾರಂ 26ಎಎಸ್ ತೆಗೆದು ನೋಡಿದರೆ ಇದ್ದದ್ದು 170. ಎರಡನೆಯ ಎಕ್ಸ್‌ಚೇಂಜಿನ 70 ರೂಪಾಯಿ ಕಾಣಲಿಲ್ಲ. ಸಾಲಿನ ತಾರೀಖು, ಮೊತ್ತ ಎರಡನ್ನೂ ಬರೆದು ಅವರಿಗೆ ಕಳಿಸಿದೆ. ಹತ್ತು ದಿನಕ್ಕೆ ಸರಿಪಡಿಸಿದರು. ಉಳಿದ 1,320 ಕಟ್ಟಿ, ಚಲನ್ ನಂಬರನ್ನು ಅದೇ ಸಾಲಿನ ಮುಂದೆ ಬರೆದುಕೊಂಡೆ.