ಬೆರಗು ಸೂಜಿಗೆ, ನಗು ಟೇಪ್ ಅಂಟಿಸಿದ ಮೇಲೆ

ಡಯಾಲಿಸಿಸ್ ಯೂನಿಟ್‌ನಲ್ಲಿ (ಕಿಡ್ನಿ ಕೈಕೊಟ್ಟವರ ರಕ್ತವನ್ನು ಮೆಷಿನ್ ಶುದ್ಧ ಮಾಡುವ ಜಾಗ) ಕೆಲಸ ಮಾಡುವವರಿಗೆ ಆ ನಾಲ್ಕು ಗಂಟೆ ಎಷ್ಟು ಉದ್ದ ಅಂತ ಗೊತ್ತೇ ಇದೆ. ಕೊನೆಯ ಗಂಟೆಯಲ್ಲಿ ಕಾಲು ಸೆಳೆತ ಬರುವುದು, ಬಿಪಿ ಇಳಿಯುವುದು, "ಇವತ್ತೊಂದಿನ ಅರ್ಧ ಗಂಟೆ ಮುಂಚೆ ಬಿಟ್ಬಿಡಪ್ಪಾ" ಅನ್ನುವುದು, ಎಲ್ಲ ನೋಡಿದ್ದೀರಿ. ನಾನು ಬರೆಯುತ್ತಿರುವುದು ಒಂದೇ ವಿಷಯ: ಬೆಡ್ ಮೇಲಿರುವವರಿಗೆ ದಿನಕ್ಕೊಂದು ವಿಚಿತ್ರವಾದ, ಆದರೆ ನಿಜವಾದ ಸಂಗತಿ ಹೇಳುವುದು. "ಇದರಿಂದೆಲ್ಲ ಏನಾಗುತ್ತೆ, ಸುಮ್ನೆ ಕೆಲಸ ನೋಡು" ಅಂತ ನಮ್ಮ ಸೀನಿಯರ್ ಸಿಸ್ಟರ್ ಎರಡು ವರ್ಷದ ಹಿಂದೆ ಹೇಳಿದ್ದರು. ಈಗ ಸೂಜಿ ಕಂಡರೆ ಹೆದರುವವರು ಬಂದರೆ ಅವರೇ ನನ್ನನ್ನು ಕರೆಯುತ್ತಾರೆ.

ಮೊದಲು ಕಳೆದುಕೊಂಡ ದುಡ್ಡಿನ ವಿಷಯ. ಶುರುವಿನಲ್ಲಿ ಧೈರ್ಯ ತುಂಬುವ ಮಾತುಗಳ ಪೋಸ್ಟರ್ ಮಾಡಿಸಿ ಗೋಡೆಗೆ ಅಂಟಿಸಿದೆ. ಮೂರನೇ ದಿನ ಒಬ್ಬರು ಅಜ್ಜಿ ಕರೆದು, "ಮಗಾ, ಇದನ್ನ ಓದಿದ್ರೆ ನನಗೇನೋ ದೊಡ್ಡದೇ ಆಗಿದೆ ಅನ್ಸುತ್ತೆ, ತೆಗ್ದುಬಿಡು" ಅಂದರು. ತೆಗೆದೆ. ಆಮೇಲೆ ತಮಾಷೆ ಸಂಗತಿಗಳ ಕಾರ್ಡ್, ಸುಮಾರು 200, ಲ್ಯಾಮಿನೇಷನ್ ಸಮೇತ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ವಸ್ತು ಯೂನಿಟ್ ಒಳಗೆ ಬೇಡ ಅಂತ ಆಸ್ಪತ್ರೆಯವರು ಅಂದರು. ಸೋಂಕಿನ ಮಾತು ಬಂದಮೇಲೆ ವಾದ ಮಾಡುವಂತಿಲ್ಲ, ಅವರು ಹೇಳಿದ್ದೂ ಸರಿಯೇ. ಹೆಡ್‌ಫೋನ್ ಕೂಡ ಅದೇ ಕಾರಣಕ್ಕೆ ಡಬ್ಬ ಸೇರಿತು. ಎಲ್ಲ ಸೇರಿ ನನ್ನ ಅರ್ಧ ತಿಂಗಳ ಸಂಬಳ ಹೋಗಿರಬೇಕು. ಕೊನೆಗೆ ಉಳಿದದ್ದು ಬಾಯಿಮಾತು.

ಬಾಯಿಮಾತಲ್ಲೂ ಮೊದಲ ತಿಂಗಳು ಪೆಟ್ಟು ತಿಂದೆ. ಗೋಲ್ಡ್‌ಫಿಶ್ ನೆನಪು ಮೂರೇ ಸೆಕೆಂಡ್ ಅಂತ ಹೇಳಿದೆ. ಏಳನೇ ಬೆಡ್‌ನಲ್ಲಿ ನಿವೃತ್ತ ಮೇಷ್ಟ್ರು ಒಬ್ಬರಿದ್ದರು. "ನಮ್ಮನೆ ತೊಟ್ಟಿಯ ಮೀನು ನನ್ನ ಮುಖ ಕಂಡ್ರೆ ಮೇಲಕ್ಕೆ ಬರುತ್ತಲ್ಲಯ್ಯ, ಅದು ಹೇಗೆ?" ಅಂದರು. ಮನೆಗೆ ಹೋಗಿ ಹುಡುಕಿದೆ. ಮೇಷ್ಟ್ರು ಹೇಳಿದ್ದೇ ಸರಿ, ಗೋಲ್ಡ್‌ಫಿಶ್ ಕಲಿತದ್ದನ್ನು ತಿಂಗಳುಗಟ್ಟಲೆ ನೆನಪಿಡುತ್ತದೆ. ಎರಡು ವಾರ ನನ್ನ ಮಾತನ್ನು ಯಾರೂ ನಂಬಲಿಲ್ಲ. ಅವತ್ತಿನಿಂದ ಎರಡು ಕಡೆ ಖಾತ್ರಿಯಾಗದ ಸಂಗತಿಯನ್ನು ನಾನು ಯೂನಿಟ್ ಒಳಗೆ ತರುವುದಿಲ್ಲ. ಮೆಷಿನ್‌ಗೆ ಕಟ್ಟಿಕೊಂಡು ಮಲಗಿದವರಿಗೆ ಸುಳ್ಳು ಹೇಳಬಾರದು.

ದೊಡ್ಡ ತಪ್ಪು ಇನ್ನೊಂದು. ಫಿಸ್ಟುಲಾಗೆ, ಅಂದರೆ ಡಯಾಲಿಸಿಸ್ ಸೂಜಿಗೆ ಅಂತಲೇ ತೋಳಿನಲ್ಲಿ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳಕ್ಕೆ, ಸೂಜಿ ಹಾಕುವಾಗ ಗಮನ ಬೇರೆ ಕಡೆ ತಿರುಗಲಿ ಅಂತ ವೊಂಬ್ಯಾಟ್ ಕಥೆ ಹೇಳುತ್ತಿದ್ದೆ. ಆಸ್ಟ್ರೇಲಿಯಾದ ಪ್ರಾಣಿ, ಅದರ ಹಿಕ್ಕೆ ದಾಳದ ಹಾಗೆ ಚೌಕಾಕಾರ. ಕರುಳಿನ ಗೋಡೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇರುವುದರಿಂದ ಹಾಗಾಗುತ್ತದೆ. ಇದನ್ನು ಕಂಡುಹಿಡಿದವರಿಗೆ 2019ರಲ್ಲಿ ಇಗ್ ನೊಬೆಲ್ ಬಹುಮಾನ (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವುದು) ಬಂತು. ಕೇಳುತ್ತಿದ್ದ ಅಣ್ಣನಿಗೆ ನಗು ತಡೆಯಲಾಗಲಿಲ್ಲ. ಕೈ ಅಲುಗಿತು, ಎರಡನೇ ಸೂಜಿ ಪಕ್ಕಕ್ಕೆ ಹೋಯಿತು, ನೋಡನೋಡುತ್ತಲೇ ತೋಳು ಊದಿತು. ಐಸ್ ಇಟ್ಟುಕೊಂಡು ಅವರ ಪಕ್ಕ ಕೂತಿದ್ದಾಗ ನನಗೆ ಅಳು ಬಂದಿತ್ತು. ಅವರೇ ನನಗೆ ಸಮಾಧಾನ ಹೇಳಿದರು.

ಆವತ್ತು ಹುಟ್ಟಿದ್ದು ನನ್ನ ನಿಯಮ. ಸೂಜಿ ಹಾಕುವಾಗ ಬೆರಗಿನದು, ಟೇಪ್ ಅಂಟಿಸಿದ ಮೇಲೆ ನಗುವಿನದು. ಬೆರಗಾದರೆ ಮನುಷ್ಯ ಅಲ್ಲಾಡದೆ ಕೇಳುತ್ತಾನೆ. ಶುಕ್ರ ಗ್ರಹದಲ್ಲಿ ವರ್ಷಕ್ಕಿಂತ ದಿನವೇ ಉದ್ದ ಅಂತ ಶುರು ಮಾಡುತ್ತೇನೆ. ಸೂರ್ಯನನ್ನು ಸುತ್ತಲು ನಮ್ಮ ಭೂಮಿಯ ಸುಮಾರು 225 ದಿನ, ತನ್ನನ್ನು ತಾನು ಒಂದು ಸುತ್ತು ತಿರುಗಲು 243. "ಅದು ಹೆಂಗೆ?" ಅಂತ ಅವರು ಲೆಕ್ಕ ಹಾಕುವ ಹೊತ್ತಿಗೆ ಸೂಜಿ ಒಳಗಿರುತ್ತದೆ. 1977ರಲ್ಲಿ ಹಾರಿದ ವಾಯೇಜರ್ ಬಾಹ್ಯಾಕಾಶ ನೌಕೆಯ ಚಿನ್ನದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯ ಇದೆ, ಅದರಲ್ಲಿ ನಮ್ಮ ಕನ್ನಡವೂ ಒಂದು ಅಂದಾಗ ಒಬ್ಬರು ಅಮ್ಮ ಎರಡೂ ಸೂಜಿ ಹಾಕಿದ್ದು ಗೊತ್ತೇ ಆಗಲಿಲ್ಲ ಅಂದರು. ಎಲ್ಲಿ ನಿಲ್ಲಿಸಬೇಕು, ಯಾವ ಪದಕ್ಕೆ ಸೂಜಿ ಹೋಗಬೇಕು ಅನ್ನುವುದು ನನ್ನ ಕೈಗೆ ಕೂತ ಲೆಕ್ಕ. ಅದನ್ನು ಬರೆಯುವುದಿಲ್ಲ. ಮೊದಲ ಸಲ ಬಂದವರಿಗೆ ಹೇಳುವ ಒಂದು ಸಂಗತಿಯನ್ನೂ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಒಂದು ವಿಷಯ ಮಾತ್ರ ಎಲ್ಲರಿಗೂ ಹೇಳಿಬಿಡಬೇಕು. ನೀರಿನ ಮಾತು ಬೇಡ. ಒಂಟೆ ಹತ್ತು ಹದಿನೈದು ನಿಮಿಷದಲ್ಲಿ ನೂರು ಲೀಟರ್ ಕುಡಿಯುತ್ತೆ ಅಂತ ಒಮ್ಮೆ ಉತ್ಸಾಹದಿಂದ ಹೇಳಿಬಿಟ್ಟೆ. ಇಡೀ ಸಾಲು ಮೌನವಾಯಿತು. ದಿನಕ್ಕೆ ಲೋಟ ಎಣಿಸಿ ಕುಡಿಯುವವರು ಅವರು. ತಪ್ಪು ತಿದ್ದಲು ಮರುದಿನ ಉಲ್ಟಾ ಪ್ರಯೋಗ ಮಾಡಿದೆ. ಮರುಭೂಮಿಯ ಕಾಂಗರೂ ಇಲಿ ಒಂದು ಹನಿ ನೀರೂ ಕುಡಿಯದೆ ಬದುಕಬಲ್ಲದು, ಒಣ ಬೀಜದಿಂದಲೇ ದೇಹಕ್ಕೆ ಬೇಕಾದ ನೀರು ಮಾಡಿಕೊಳ್ಳುತ್ತದೆ, ಅದರ ಕಿಡ್ನಿ ಅಷ್ಟು ಗಟ್ಟಿ ಅಂದೆ. ಪೋಸ್ಟರ್ ತೆಗೆಸಿದ ಅಜ್ಜಿ, "ಹಂಗಾದ್ರೆ ಆ ಇಲಿಗೆ ಹೇಳಿ ಒಂದು ಕಿಡ್ನಿ ನನಗೆ ಕೊಡ್ಸು" ಅಂದರು. ಎಲ್ಲರೂ ನಕ್ಕರು. ಆದರೂ ಮತ್ತೆ ಆ ದಾರಿಗೆ ಹೋಗಿಲ್ಲ, ಆ ಸಲ ಅಜ್ಜಿ ಕಾಪಾಡಿದರು ಅಷ್ಟೇ.

ಕೊನೆಯ ಗಂಟೆಗೆ ಬಿಡಿ ಸಂಗತಿ ಸಾಲುವುದಿಲ್ಲ. ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ, ಕಣ್ಣು ಮತ್ತೆ ಗಡಿಯಾರಕ್ಕೆ. ಅದಕ್ಕೆ ಕಂತು ಮಾಡಿದೆ. 1992ರ ಜನವರಿಯಲ್ಲಿ ಒಂದು ಹಡಗಿನಿಂದ ಪೆಸಿಫಿಕ್ ಸಾಗರಕ್ಕೆ 28,800 ಸ್ನಾನದ ಆಟಿಕೆ ಬಿದ್ದವು. ಹಳದಿ ಬಾತುಕೋಳಿ, ಹಸಿರು ಕಪ್ಪೆ, ನೀಲಿ ಆಮೆ, ಕೆಂಪು ಬೀವರ್. ಕೆಲವು ಆ ವರ್ಷದ ನವೆಂಬರ್‌ನಲ್ಲಿ ಅಲಾಸ್ಕಾ ದಡ ಸೇರಿದವು. ಎಲ್ಲೆಲ್ಲಿ ಸಿಕ್ಕವು ಅನ್ನುವುದನ್ನು ಹಿಡಿದು ವಿಜ್ಞಾನಿಗಳು ಸಾಗರದ ಹರಿವನ್ನು ಅಳೆದರು. ಇದನ್ನು ನಾಲ್ಕು ಸಲಕ್ಕೆ ಹಂಚಿದೆ. ಮುಂಚೆ ಒಂದು ಪಾಳಿಯ ಹತ್ತು ಜನರಲ್ಲಿ ನಾಲ್ಕು ಜನ ಬೇಗ ಬಿಡಿ ಅನ್ನುತ್ತಿದ್ದರು. ಈಗ ಒಬ್ಬರೋ ಇಬ್ಬರೋ. ಬಿಪಿ, ಕಾಲು ಸೆಳೆತ ಕಮ್ಮಿಯಾಗಿದೆ ಅಂತ ನಾನು ಹೇಳುವುದಿಲ್ಲ, ಅದು ಡಾಕ್ಟರ್ ನೋಡುವ ವಿಷಯ.

ಈಗ ನಡೆಯುತ್ತಿರುವುದು ಪೆಂಗ್ವಿನ್ ಕಂತು. ಎಡಿನ್‌ಬರಾ ಮೃಗಾಲಯದ ನಿಲ್ಸ್ ಓಲಾವ್ ಅನ್ನುವ ಪೆಂಗ್ವಿನ್, ನಾರ್ವೆ ರಾಜನ ಕಾವಲು ಪಡೆಯ ಗೌರವ ಸೈನಿಕ. 1972ರಲ್ಲಿ ಪಡೆಗೆ ಸೇರಿಸಿಕೊಂಡರು, 2008ರಲ್ಲಿ ನೈಟ್ ಪದವಿ, 2016ರಲ್ಲಿ ಬ್ರಿಗೇಡಿಯರ್. "ಅಷ್ಟು ವರ್ಷ ಒಂದು ಹಕ್ಕಿ ಬದುಕುತ್ತೇನಯ್ಯ?" ಅಂತ ಮೇಷ್ಟ್ರು ಹಿಡಿದರು. ಈ ಸಲ ಉತ್ತರ ತಯಾರಿತ್ತು. ಹೆಸರು ಒಂದೇ, ಈಗಿನದು ಮೂರನೇ ಪೆಂಗ್ವಿನ್. ಮೇಷ್ಟ್ರು ತಲೆಯಾಡಿಸಿದರು. 2023ರ ಬಡ್ತಿ ಏನು ಅಂತ ಇನ್ನೂ ಹೇಳಿಲ್ಲ. ಮೊನ್ನೆ ಪಾಳಿ ಮುಗಿದು ಟೇಪ್ ಬಿಚ್ಚುವಾಗ ಅಜ್ಜಿ ನನ್ನ ಮಣಿಕಟ್ಟು ಹಿಡಿದು, "ಶುಕ್ರವಾರ ನಾನು ಬರೋವರೆಗೂ ಬೇರೆ ಯಾರಿಗೂ ಹೇಳ್ಬೇಡ ಕಣೋ" ಅಂದರು.