ಬೆಂಕಿಯಿಲ್ಲದೆ ಕೂಗುವ ಅಲಾರಂ: ಕಾರಣ ಹುಡುಕಿ ಸರಿಪಡಿಸುವ ಬಗೆ

ಎಣ್ಣೆ ಕಾದು ಸ್ವಲ್ಪ ಹೊಗೆ ಎದ್ದೊಡನೆ ಅಲಾರಂ ಕೂಗತೊಡಗಿದರೆ ಮೊದಲ ದಿನ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ, ನಾಲ್ಕನೆಯ ದಿನ ಯಾರೂ ಕುಳಿತಲ್ಲಿಂದ ಏಳುವುದಿಲ್ಲ, ಮರುವಾರ ಯಾರಾದರೂ ಸ್ಟೂಲ್ ಹತ್ತಿ ಬ್ಯಾಟರಿಯನ್ನೇ ಕಿತ್ತಿಡುತ್ತಾರೆ. ನಿಜವಾದ ಅಪಾಯ ಶುರುವಾಗುವುದು ಅಲ್ಲಿಂದ. ಅಲಾರಂ ಎಷ್ಟೇ ಬಾರಿ ಸುಳ್ಳಾಗಿದ್ದರೂ, ಪ್ರತಿ ಸಲವೂ ಬೆಂಕಿಯಿದೆಯೆಂದೇ ಭಾವಿಸಿ ನಡೆದುಕೊಳ್ಳಬೇಕು. ಕಾರಣದ ಹುಡುಕಾಟ ಆಮೇಲಿನದು.

ಮನೆಗಳಲ್ಲಿ ಹೆಚ್ಚಾಗಿ ತಪ್ಪುವುದು ಅಲಾರಂ ಹಾಕುವ ಜಾಗ. ಒಲೆಯಿಂದ ಕನಿಷ್ಠ 3 ಮೀಟರ್ ದೂರದಲ್ಲಿರಲಿ. ಬಿಸಿನೀರಿನ ಆವಿ ನುಗ್ಗುವ ಸ್ನಾನದ ಕೋಣೆಯ ಬಾಗಿಲ ಬಳಿಯೂ, ಗಾಳಿ ರಭಸವಾಗಿ ಬೀಸುವ ಎಸಿ ಅಥವಾ ಫ್ಯಾನಿನ ಪಕ್ಕದಲ್ಲಿಯೂ ಬೇಡ. ಅಡುಗೆಮನೆಯ ಒಳಗೇ ಬೇಕೆಂದಿದ್ದರೆ ಹೊಗೆಯ ಬದಲು ಶಾಖವನ್ನು ಗುರುತಿಸುವ ಸಾಧನವನ್ನು ಹಾಕಿಸುವುದು ಒಳ್ಳೆಯದು. ಅಮೆರಿಸಿಯಂ-241 ಎಂಬ ವಿಕಿರಣಶೀಲ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಬಳಸುವ ಅಯಾನೀಕರಣ ಮಾದರಿಯ ಅಲಾರಂ ಅಡುಗೆಯ ಅತಿಸೂಕ್ಷ್ಮ ಹೊಗೆಕಣಗಳಿಗೂ ಬೇಗ ಕೂಗುವುದರಿಂದ, ಅಡುಗೆಮನೆಗೆ ಹತ್ತಿರದ ಹಜಾರಕ್ಕೆ ಬೆಳಕಿನಿಂದ ಹೊಗೆ ಗುರುತಿಸುವ ಮಾದರಿಯೇ ಹೊಂದುತ್ತದೆ.

ಈ ಎರಡನೆಯ ಮಾದರಿಯೊಳಗೆ ಪುಟ್ಟದೊಂದು ಕತ್ತಲ ಗೂಡಿದ್ದು, ಅಲ್ಲಿ ಹಾಯುವ ಬೆಳಕಿನ ಕಿರಣ ಸೆನ್ಸರಿಗೆ ತಾಗದಂತೆ ಓರೆಯಾಗಿ ಸಾಗುತ್ತಿರುತ್ತದೆ. ಹೊಗೆಯ ಕಣಗಳು ಒಳಸೇರಿದಾಗ ಬೆಳಕು ಚದುರಿ ಸೆನ್ಸರನ್ನು ಮುಟ್ಟುತ್ತದೆ, ಅಲಾರಂ ಕೂಗುತ್ತದೆ. ಸಂದಿಯಲ್ಲಿ ನುಸುಳಿದ ಒಂದು ಸಣ್ಣ ಜೇಡವೋ ಧೂಳಿನ ಎಳೆಯೋ ಇದೇ ಕೆಲಸವನ್ನು ಮಾಡಬಲ್ಲದು. ಆರು ತಿಂಗಳಿಗೊಮ್ಮೆ ವ್ಯಾಕ್ಯೂಮ್ ಕ್ಲೀನರಿನ ಮೃದು ಬ್ರಷ್‌ನಿಂದ ಹೊರಗಿನ ಸಂದಿಗಳನ್ನು ಸ್ವಚ್ಛಗೊಳಿಸಿದರೆ ಈ ತೊಂದರೆ ಬಹುಮಟ್ಟಿಗೆ ನಿಲ್ಲುತ್ತದೆ. ಕೀಟನಾಶಕ, ಸುಗಂಧದ್ರವ್ಯ ಮುಂತಾದ ಸ್ಪ್ರೇಗಳನ್ನು ಅದರ ಹತ್ತಿರ ಬಳಸಬಾರದು. ಆಗಾಗ ಕೇಳುವ ಒಂಟಿ ‘ಕಿಚ್’ ಸದ್ದು ಸಾಮಾನ್ಯವಾಗಿ ಬ್ಯಾಟರಿ ಮುಗಿಯುತ್ತಿರುವುದರ ಸೂಚನೆ. 10 ವರ್ಷ ತುಂಬಿದ ಅಲಾರಂ ಪರೀಕ್ಷಾ ಗುಂಡಿ ಒತ್ತಿದಾಗ ಕೂಗಿದರೂ ಅದನ್ನು ಬದಲಿಸಲೇಬೇಕು.

ಕಚೇರಿ, ಕಾರ್ಖಾನೆಗಳಲ್ಲಿ ಬಹಳಷ್ಟು ಸುಳ್ಳು ಅಲಾರಂಗಳಿಗೆ ಕಾರಣ ರಿಪೇರಿ ಕೆಲಸ. ಗೋಡೆ ಕೊರೆಯುವ, ಮರ ಉಜ್ಜುವ ಅಥವಾ ವೆಲ್ಡಿಂಗ್ ಮಾಡುವ ಮುನ್ನ ಕೆಲಸಗಾರರು ಕಟ್ಟಡದ ಸುರಕ್ಷತಾ ಹೊಣೆಗಾರರಿಗೆ ತಿಳಿಸಬೇಕು. ಅವರು ಆ ಭಾಗದ ಡಿಟೆಕ್ಟರುಗಳನ್ನಷ್ಟೇ (ಹೊಗೆ ಗುರುತಿಸುವ ಸಾಧನಗಳು) ಅಲಾರಂ ನಿಯಂತ್ರಿಸುವ ಪ್ಯಾನೆಲ್‌ನಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ, ಧೂಳು ತಡೆಯುವ ಮುಚ್ಚಳ ಹಾಕಿಸಿ, ಅಷ್ಟು ಹೊತ್ತೂ ಅಲ್ಲಿ ಕಾವಲಿಗೆ ಒಬ್ಬರನ್ನು ನಿಲ್ಲಿಸಬೇಕು. ನಾನು ಒತ್ತಿ ಹೇಳಲೇಬೇಕಾದ ಮಾತೆಂದರೆ, ಸಂಜೆ ಕೆಲಸ ಮುಗಿದ ಮೇಲೆ ಹಾಕಿದ ಮುಚ್ಚಳಗಳನ್ನು ಎಣಿಸಿ ತೆಗೆಯಬೇಕು, ಏಕೆಂದರೆ ಮರೆತುಹೋದ ಒಂದೇ ಮುಚ್ಚಳದಿಂದ ಆ ಕೋಣೆಗೆ ರಾತ್ರಿಯಿಡೀ ರಕ್ಷಣೆಯೇ ಇರುವುದಿಲ್ಲ. ಸಾಮಾನು ಸಾಗಿಸುವ ಓಣಿಗಳಲ್ಲಿ ಕೈಯಿಂದ ಒತ್ತುವ ಅಲಾರಂ ಗುಂಡಿಗಳಿಗೆ ಎತ್ತಿ ತೆರೆಯುವ ಪಾರದರ್ಶಕ ಮುಚ್ಚಳವಿದ್ದರೆ ಟ್ರಾಲಿ ತಗುಲಿ ಅವು ಒತ್ತಿಹೋಗುವುದಿಲ್ಲ.

ಪ್ರತಿ ಸುಳ್ಳು ಅಲಾರಂನ ದಿನಾಂಕ, ಸಮಯ, ಡಿಟೆಕ್ಟರ್ ಸಂಖ್ಯೆ, ಆಗ ಅಲ್ಲಿ ನಡೆಯುತ್ತಿದ್ದ ಕೆಲಸ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಒಂದೇ ಸಂಖ್ಯೆ ಮತ್ತೆ ಮತ್ತೆ ಕಾಣಿಸಿಕೊಂಡರೆ, ತಂತ್ರಜ್ಞರು ಮೊದಲು ಬಿಚ್ಚಿ ನೋಡಬೇಕಾದ ಡಿಟೆಕ್ಟರ್ ಅದೇ.