ಪ್ರೋಟಾನ್‌ ರಾಶಿಯಲ್ಲಿ ಪಾಸಿಟ್ರಾನ್ ಹುಡುಕಾಟ: ನನ್ನ ಅನುಭವ

ಡಾರ್ಕ್ ಮ್ಯಾಟರ್, ಅಂದರೆ ಬೆಳಕು ಹೊಮ್ಮಿಸದ, ಕಣ್ಣಿಗೆ ಕಾಣದ ದ್ರವ್ಯ, ಹುಡುಕುತ್ತೇನೆ ಅಂದರೆ ಜನ ಏನೇನೋ ಊಹಿಸಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ನನ್ನ ಕೆಲಸದ ಮುಕ್ಕಾಲು ಪಾಲು ಪ್ರೋಟಾನ್‌ಗಳನ್ನು ಹೊರಗೆ ಹಾಕುವುದು.

2011ರ ಮೇನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕೂರಿಸಿದ ಎಎಂಎಸ್-02 ಉಪಕರಣದ ದತ್ತಾಂಶ ನನ್ನದು. ಬಾಹ್ಯಾಕಾಶದಿಂದ ಬಂದು ಬೀಳುವ ಕಣಗಳನ್ನು ಅದು ಅಳೆಯುತ್ತದೆ. ಅದರಲ್ಲಿ ಎಲೆಕ್ಟ್ರಾನಿನ ಪ್ರತಿಕಣವಾದ ಪಾಸಿಟ್ರಾನನ್ನು ಆರಿಸಬೇಕು. ಡಾರ್ಕ್ ಮ್ಯಾಟರ್ ಕಣಗಳು ಪರಸ್ಪರ ಡಿಕ್ಕಿ ಹೊಡೆದು ನಾಶವಾದರೆ ಪಾಸಿಟ್ರಾನ್‌ಗಳು ಹುಟ್ಟಬಹುದು ಎಂಬುದು ಲೆಕ್ಕಾಚಾರ. ಆದರೆ ಒಂದು ಪಾಸಿಟ್ರಾನ್ ಬರುವಷ್ಟರಲ್ಲಿ ಸಾವಿರಾರು ಪ್ರೋಟಾನ್ ಬಂದಿರುತ್ತವೆ. ಎರಡರದ್ದೂ ಧನ ಆವೇಶ. ಆಯಸ್ಕಾಂತದಲ್ಲಿ ಎರಡೂ ಒಂದೇ ಕಡೆಗೆ ಬಾಗುತ್ತವೆ. ಫಜೀತಿ ಅಲ್ವಾ?

ಅದಕ್ಕೇ ಪ್ರತಿ ಕಣವನ್ನೂ ಮೂರು ಕಡೆ ವಿಚಾರಿಸುತ್ತೇನೆ. ಮೇಲೆ, ಕ್ಸೆನಾನ್ ಬೆರೆತ ಅನಿಲ ತುಂಬಿದ ತೆಳು ಕೊಳವೆಗಳ 20 ಪದರಗಳಿವೆ. ಪಾಸಿಟ್ರಾನ್ ಅಲ್ಲಿ ಎಕ್ಸ್ ಕಿರಣ ಹೊಮ್ಮಿಸುತ್ತದೆ, ಸಿಗ್ನಲ್ ಜಾಸ್ತಿ ಬರುತ್ತದೆ. ಅಷ್ಟೇ ಶಕ್ತಿಯ ಪ್ರೋಟಾನ್ ಸಾಮಾನ್ಯವಾಗಿ ಸುಮ್ನೆ ದಾಟಿ ಹೋಗುತ್ತದೆ. ನಡುವಿನ ಸಿಲಿಕಾನ್ ಪದರಗಳಲ್ಲಿ ದಾರಿ ಎಷ್ಟು ಬಾಗಿದೆ ಎಂದು ನೋಡಿ ಸಂವೇಗ ಲೆಕ್ಕ ಹಾಕುತ್ತೇನೆ. ಕೆಳಗಿರುವುದು ಕಣದ ಶಕ್ತಿ ಅಳೆಯುವ ಸೀಸದ ಕ್ಯಾಲೊರಿಮೀಟರ್. ಪಾಸಿಟ್ರಾನ್ ಅದರೊಳಗೆ ಹೊಕ್ಕ ಕೂಡಲೇ ಒತ್ತೊತ್ತಾದ ಕಣಗಳ ಸುರಿಮಳೆ ಎಬ್ಬಿಸಿ ತನ್ನ ಶಕ್ತಿಯನ್ನೆಲ್ಲ ಕಕ್ಕಿಬಿಡುತ್ತದೆ. ಆ ಶಕ್ತಿಯೂ ಮೇಲೆ ಅಳೆದ ಸಂವೇಗವೂ ತಾಳೆಯಾಗಬೇಕು. ಪ್ರೋಟಾನಿನ ಸುರಿಮಳೆ ಚೆಲ್ಲಾಪಿಲ್ಲಿ, ಲೆಕ್ಕ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಎಲೆಕ್ಟ್ರಾನ್. ಅದರದ್ದು ಋಣ ಆವೇಶ, ಹಾಗಾಗಿ ಪಾಸಿಟ್ರಾನಿಗೆ ವಿರುದ್ಧ ಕಡೆಗೆ ಬಾಗಬೇಕು. ಆದರೆ ಶಕ್ತಿ ನೂರಾರು ಜಿಇವಿ (ಕಣಗಳ ಶಕ್ತಿ ಅಳೆಯುವ ಮಾನ) ತಲುಪಿದಾಗ ದಾರಿ ಬಹುತೇಕ ನೇರವಾಗುತ್ತದೆ. ಆಗ ಬಾಗಿದ್ದು ಎಡಕ್ಕೋ ಬಲಕ್ಕೋ ಎನ್ನುವುದೇ ಗೊಂದಲ. ಎಲೆಕ್ಟ್ರಾನ್‌ಗಳೇ ಜಾಸ್ತಿ ಇರುವುದರಿಂದ, ತಪ್ಪಿ ಈ ಕಡೆ ಬಿದ್ದ ಕೆಲವೇ ಕೆಲವು ಸಾಕು, ನನ್ನ ಎಣಿಕೆ ಕೆಡಲು. ಇದನ್ನು ಒಂದೊಂದಾಗಿ ಹೆಕ್ಕಿ ತೆಗೆಯಲು ಆಗದು. ಸಿಮ್ಯುಲೇಶನ್ ಮಾಡಿ, ಎಷ್ಟು ಪಾಲು ಹೀಗೆ ನುಸುಳಿರಬಹುದೆಂದು ಅಂದಾಜಿಸಿ ಕಳೆಯುತ್ತೇನೆ.

ಇಷ್ಟೆಲ್ಲ ಆದ ಮೇಲೂ ಪಾಸಿಟ್ರಾನ್‌ಗಳು ಬಾಹ್ಯಾಕಾಶದ ಕಣಗಳು ಅನಿಲಕ್ಕೆ ಬಡಿಯುವ ಮಾಮೂಲಿ ಡಿಕ್ಕಿಗಳಿಂದ ನಿರೀಕ್ಷಿಸಿದ್ದಕ್ಕಿಂತ ಹೆಚ್ಚೇ ಉಳಿಯುತ್ತವೆ. 2006ರಲ್ಲಿ ಹಾರಿದ ಪಮೇಲಾ ಉಪಕರಣವೂ 10 ಜಿಇವಿಗಿಂತ ಮೇಲೆ ಇದನ್ನೇ ಕಂಡಿತ್ತು. ಎಎಂಎಸ್ 2019ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಸುಮಾರು 284 ಜಿಇವಿ ದಾಟಿದ ಮೇಲೆ ಅವು ಒಮ್ಮೆಲೇ ಇಳಿಯುತ್ತವೆ. ಡಾರ್ಕ್ ಮ್ಯಾಟರ್ ಕಣಕ್ಕೆ ಒಂದು ನಿಶ್ಚಿತ ತೂಕವಿದ್ದರೆ ಹೀಗೇ ಇಳಿಯಬೇಕು. ಆದರೆ ವೇಗವಾಗಿ ತಿರುಗುವ ನ್ಯೂಟ್ರಾನ್ ನಕ್ಷತ್ರಗಳಾದ ಪಲ್ಸಾರ್‌ಗಳೂ ಪಾಸಿಟ್ರಾನ್ ಚಿಮ್ಮಿಸುತ್ತವಲ್ಲ! ಅವೂ ಇಂಥದೇ ರೇಖೆ ಬರೆಯಬಲ್ಲವು. ನನ್ನ ಒಲವು ಪಲ್ಸಾರ್ ಕಡೆಗೇ. ಹೊಸ ಕಣ ಬೇಡದ ವಿವರಣೆ ಕೈಯಲ್ಲಿರುವಾಗ ಅದನ್ನೇ ಮೊದಲು ಪರೀಕ್ಷಿಸಬೇಕು.

ಈಗ ನನ್ನ ಆಸೆ ಆಂಟಿಡ್ಯೂಟೆರಾನ್ ಮೇಲಿದೆ, ಅಂದರೆ ಒಂದು ಪ್ರತಿಪ್ರೋಟಾನ್, ಒಂದು ಪ್ರತಿನ್ಯೂಟ್ರಾನ್ ಸೇರಿದ ಬೀಜ. ಕಡಿಮೆ ಶಕ್ತಿಯಲ್ಲಿ ಮಾಮೂಲಿ ಡಿಕ್ಕಿಗಳಿಂದ ಅದು ಹುಟ್ಟುವುದು ತೀರಾ ವಿರಳ. ಅಲ್ಲಿ ನಾಲ್ಕೈದು ಖಚಿತವಾಗಿ ಸಿಕ್ಕರೂ ಪಲ್ಸಾರ್ ಮೇಲೆ ಹೊರೆ ಹಾಕಲು ಆಗುವುದಿಲ್ಲ.